ನಮ್ಮ ಕೇರಿಯ ಕೂಸುಗಳ ಲೆಕ್ಕ ಎಲ್ಲದ?



ಬಾಬಾಸಾಹೇಬರು-ರಮಾಬಾಯಿಗೆ ಐದು ಮಕ್ಕಳು. ನಾಲ್ಕು ಕೂಸು ಎಳೆತನದಾಗೇ ಹೋದವು. ರಾಜರತ್ನ ತೀರಿದ್ದು 1926ರ ಜುಲೈನಲ್ಲಿ. ಎರಡೇ ವರ್ಷಕ್ಕೆ, 1928ರ ಜುಲೈನಲ್ಲಿ, ಅದೇ ತಂದೆ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯ ಮಸೂದೆಯ ಪರ ಮಾತಾಡಿದರು. ಆ ಖರ್ಚಿನ ದೊಡ್ಡ ಪಾಲು ಸರ್ಕಾರವೇ ಹೊರಬೇಕು ಅಂದರು.

ಆಗ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ನಿಜಾಮನ ರಾಜ್ಯದಾಗಿದ್ದವು. ಹೆರಿಗೆ ಅಂದ್ರ ಸೂಲಗಿತ್ತಿ. ಹೊಕ್ಕುಳಬಳ್ಳಿ ಕೊಯ್ಯೋದು ಮೈಲಿಗೆ ಅಂತ ಎಷ್ಟೋ ಊರಾಗ ಆ ಕೆಲಸ ನಮ್ಮ ಅವ್ವಂದಿರ ಪಾಲಿಗೇ ಬಂತು. (ಆ ಹೊತ್ತಿಗೆ ಮಾತ್ರ ಅವರ ಕೈ ಯಾರಿಗೂ ಮೈಲಿಗೆ ಆಗ್ತಿರಲಿಲ್ಲ!)

2002ರಲ್ಲಿ ನಂಜುಂಡಪ್ಪ ಸಮಿತಿ ಈ ಮೂರೂ ತಾಲೂಕುಗಳನ್ನು 'ಅತ್ಯಂತ ಹಿಂದುಳಿದ' 39ರ ಪಟ್ಟಿಗೆ ಸೇರಿಸಿತು. 2005ರಲ್ಲಿ ಜನನಿ ಸುರಕ್ಷಾ, ಆಶಾ ಕಾರ್ಯಕರ್ತೆಯರು, ಆಮೇಲೆ ಮಡಿಲು ಕಿಟ್, ತಾಯಿ ಭಾಗ್ಯ ಬಂದವು. ಹೆರಿಗೆ ಆಸ್ಪತ್ರೆಗೆ ಬಂತು, ಇದನ್ನ ಒಪ್ಪಲೇಬೇಕು. ಆದರೆ ಕರ್ನಾಟಕದಂಥ ರಾಜ್ಯಗಳಲ್ಲಿ ಜನನಿ ಸುರಕ್ಷಾ ದುಡ್ಡು ಎರಡು ಜೀವಂತ ಜನನಕ್ಕೆ ಮಾತ್ರ. ನಿಯಮದ ಅಕ್ಷರ ಹಿಡಿದರೆ, ಹೆತ್ತ ಎರಡೂ ಕೂಸು ಕಳಕೊಂಡವಳಿಗೆ ಮೂರನೇ ಸಲ ಏನೂ ಇಲ್ಲ. ಈ ಷರತ್ತು ತೆಗೆದದ್ದು 2013ರಲ್ಲಿ.

ಈಗ ಅಂಕಿ ನೋಡ್ರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಇಡೀ ದೇಶದ್ದು. 2005-06ರಲ್ಲಿ ಸಾವಿರ ಜನನಕ್ಕೆ ತೀರಿದ ಎಸ್‌ಸಿ ಶಿಶುಗಳು 66.4, 'ಇತರೆ' ಅಂದ್ರ ಎಸ್‌ಸಿ, ಎಸ್‌ಟಿ, ಒಬಿಸಿ ಅಲ್ಲದವರವು 48.9. 2019-21ರಲ್ಲಿ 40.7 ಮತ್ತು 28. ಸಾವು ಇಳಿದದ, ಖರೆ. ಆದರೆ ಅವರ 100 ಸಾವಿಗೆ 2005-06ರಲ್ಲಿ ನಮ್ಮವು 136, 2019-21ರಲ್ಲಿ 145. ಸಾವು ಇಬ್ಬರಲ್ಲೂ ಇಳೀತು, ಅನುಪಾತದ ಅಂತರ ಮಾತ್ರ ಬೆಳೀತು.

ಅಮೆರಿಕದ ಮಿಸಿಸಿಪ್ಪಿಯಲ್ಲಿ 1960ರ ದಶಕದಾಗ, ಕಪ್ಪು ಜನರನ್ನು ಬೇರೆ ಇಡೋ ಆಸ್ಪತ್ರೆಗೆ ಮೆಡಿಕೇರ್ ದುಡ್ಡಿಲ್ಲ ಅಂತ ಸರ್ಕಾರ ಹೇಳಿತು. ಬಾಗಿಲು ತೆರೆದವು, ಕಪ್ಪು ಕೂಸುಗಳ ಸಾವು ಕಡಿದಾಗಿ ಇಳಿಯಿತು. ಅದು ಗೊತ್ತಾಗಿದ್ದೇ ಬಿಳಿಯರ ಲೆಕ್ಕ, ಕರಿಯರ ಲೆಕ್ಕ ಬೇರೆಬೇರೆ ಇಟ್ಟಿದ್ದಕ್ಕೆ.

ನಮ್ಮಲ್ಲಿ? ಅದೇ ಸಮೀಕ್ಷೆಯ ಜಿಲ್ಲಾ ಹಾಳೆಯಲ್ಲಿ ಶಿಶುಮರಣದ ಅಂಕಿಯೇ ಇಲ್ಲ, ತಾಲೂಕಿನ ಮಾತು ದೂರ ಉಳೀತು. ಬಸುರಿ ಹೆಸರು ನೋಂದಾಯಿಸುವಾಗ ಮಾತ್ರ ಜಾತಿ ಬರ್ಕೋತಾರ. ಹಂಗಾದ್ರ ಕೂಸು ತೀರಿದಾಗಲೂ ಆ ಜಾತಿ ಎಣಿಸಬಹುದಲ್ಲ? ಮೂರೂ ತಾಲೂಕಿನ ಸಂಗಾತಿಗಳು ಮಾಹಿತಿ ಹಕ್ಕಿನಡಿ ಇದೊಂದೇ ಪ್ರಶ್ನೆ ಹಾಕ್ರಿ: ಹೋದ ವರ್ಷ ತೀರಿದ ಶಿಶುಗಳಲ್ಲಿ ಎಸ್‌ಸಿ ಎಷ್ಟು, ಎಸ್‌ಟಿ ಎಷ್ಟು, ಯಾವ ಊರು? ಬಂದ ಉತ್ತರ ಇಲ್ಲೇ ಕೆಳಗ ಹಾಕ್ರಿ.