ನಿವಾಸಿಗಳ ಸಂಘದ ಅಧಿಕಾರ: ಮೂಲ ಮತ್ತು ಮಿತಿ (ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಬಡಾವಣೆಗಳ ಹಿನ್ನೆಲೆಯಲ್ಲಿ)

ನಿವಾಸಿಗಳ ಸಂಘಕ್ಕೆ ಮನೆಯೊಡೆಯರ ಮೇಲೆ ಎಷ್ಟು ಅಧಿಕಾರವಿದೆ ಎಂಬುದನ್ನು ಅದರ ಹೆಸರಾಗಲಿ ಹಳಮೆಯಾಗಲಿ ತೀರ್ಮಾನಿಸುವುದಿಲ್ಲ. ಅದು ನೋಂದಣಿಯಾದ ಕಾಯ್ದೆ ತೀರ್ಮಾನಿಸುತ್ತದೆ. ಕರ್ನಾಟಕದಲ್ಲಿ ಇಂಥ ಸಂಘಗಳು 1959ರ ಸಹಕಾರ ಸಂಘಗಳ ಕಾಯ್ದೆ, 1960ರ ಸಂಘಗಳ ನೋಂದಣಿ ಕಾಯ್ದೆ ಇಲ್ಲವೇ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಆಸರೆ ಪಡೆದಿರುತ್ತವೆ. ಮೂರರ ಬಲವೂ ಒಂದೇ ಅಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಊರು ಬೆಳೆಯುವುದು ಹೆಚ್ಚಾಗಿ ಬಿನ್‌ಶೇತ್ಕಿಯಾದ ಜಮೀನಿನ ಪ್ಲಾಟುಗಳಲ್ಲಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಬಡಾವಣೆಗೆ ಒಪ್ಪಿಗೆ ದೊರೆತಾಗ ರಸ್ತೆ, ಗಟಾರ, ಉದ್ಯಾನದ ಜಾಗ ಸ್ಥಳೀಯ ಸಂಸ್ಥೆಗೆ ಸೇರುತ್ತದೆ: ಹಾವೇರಿ, ರಾಣೆಬೆನ್ನೂರಿನಲ್ಲಿ ನಗರಸಭೆಗೆ, ಬ್ಯಾಡಗಿಯಲ್ಲಿ ಪುರಸಭೆಗೆ. ಹಸ್ತಾಂತರವಾದ ಮೇಲೆ ಆ ಜಾಗದ ಒಂದು ಗೇಣೂ ಸಂಘದ್ದಲ್ಲ. ರಸ್ತೆಗೆ ಗೇಟು ಹಾಕಿ ಬೀಗ ಜಡಿಯುವ ಹಕ್ಕು ಅದಕ್ಕಿಲ್ಲ.

ಇಂಥ ಕಾಲೊನಿಗಳಿಗೆ ಸುಲಭವಾಗಿ ಒದಗುವುದು 1960ರ ಕಾಯ್ದೆ. ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಆದರೆ ಅದರ ಬೈಲಾ ಸದಸ್ಯರ ನಡುವಿನ ಒಪ್ಪಂದವಷ್ಟೇ. ಪ್ಲಾಟು ಕೊಂಡವರೆಲ್ಲ ಸದಸ್ಯರಾಗಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಸದಸ್ಯನ ಬಾಕಿ ವಂತಿಗೆಗೆ ಸಿವಿಲ್ ನ್ಯಾಯಾಲಯದಲ್ಲಿ ದಾವಾ ಹೂಡಬಹುದು. ಸದಸ್ಯನಲ್ಲದವನನ್ನು ಬೈಲಾದ ಬಲದಿಂದ ಕಟ್ಟಿಹಾಕಲಾಗದು. ಗೃಹ ನಿರ್ಮಾಣ ಸಹಕಾರ ಸಂಘಗಳಲ್ಲಿ ಸದಸ್ಯರ ತಕರಾರು 1959ರ ಕಾಯ್ದೆಯ 70ನೇ ಕಲಮಿನಂತೆ ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗುತ್ತದೆ.

1972ರ ಕಾಯ್ದೆಯ ಜಾಡೇ ಬೇರೆ. ಕಟ್ಟಡದ ಒಬ್ಬನೇ ಮಾಲೀಕ, ಇಲ್ಲವೇ ಎಲ್ಲ ಮಾಲೀಕರೂ ಒಟ್ಟಾಗಿ ಘೋಷಣಾ ಪತ್ರ ಬರೆದು ನೋಂದಾಯಿಸಿದರೆ ಮಾತ್ರ ಅದು ಅನ್ವಯಿಸುತ್ತದೆ. ಅನ್ವಯಿಸಿದ ಮೇಲೆ ಅಧಿಕಾರ ವ್ಯಕ್ತಿಯ ಇಚ್ಛೆಗಿಂತ ಆಸ್ತಿಗೇ ಅಂಟಿಕೊಳ್ಳುತ್ತದೆ. ಮೆಟ್ಟಿಲು, ಚಾವಣಿ, ಬೋರ್‌ವೆಲ್‌ಗಳಂಥ ಸಾಮಾನ್ಯ ಸೌಲಭ್ಯಗಳಲ್ಲಿ ಪ್ರತಿ ಫ್ಲ್ಯಾಟಿಗೂ ಬಿಡಿಸಲಾಗದ ಪಾಲಿರುತ್ತದೆ. ಬೈಲಾ ಮೀರಿದವರ ವಿರುದ್ಧ ಸಂಘವು ನಷ್ಟ ಪರಿಹಾರವನ್ನೋ ತಡೆಯಾಜ್ಞೆಯನ್ನೋ ಕೇಳಬಹುದು; ತೊಂದರೆಗೊಳಗಾದ ನೆರೆಯವನೂ ಕೇಳಬಹುದು. ನಿರ್ವಹಣಾ ವೆಚ್ಚದ ಬಾಕಿ ಫ್ಲ್ಯಾಟಿನ ಮೇಲೆಯೇ ಬೋಜಾ ಆಗಿ ಕೂರುತ್ತದೆ, ಮಾರಾಟವಾದರೂ ಕಳಚುವುದಿಲ್ಲ. ಬಾಡಿಗೆದಾರರೂ ಬೈಲಾಗೆ ಒಳಪಡುತ್ತಾರೆ. ಪ್ಲಾಟುಗಳ ಕಾಲೊನಿಯ ಸಂಘಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಆದರೂ ಅಂಥ ಸಂಘಗಳು ಇದೇ ಬಲವಿದೆಯೆಂಬಂತೆ ನೋಟಿಸು ಹೊರಡಿಸಿದರೆ ಅದು ನಿವಾಸಿಗಳಿಗೆ ಮಾಡುವ ಅನ್ಯಾಯ.

ಬಲವಿರುವಲ್ಲಿಯೂ ಅದು ನ್ಯಾಯಾಲಯದ ಮೂಲಕವೇ ಸಾಗಬೇಕು. ಬಾಕಿದಾರನ ಮನೆಯ ವಿದ್ಯುತ್ ಸಂಪರ್ಕ ಕಡಿಯುವ ಅಧಿಕಾರವನ್ನು 2003ರ ವಿದ್ಯುತ್ ಕಾಯ್ದೆ ಸರಬರಾಜು ಸಂಸ್ಥೆಗೆ, ಅಂದರೆ ಇಲ್ಲಿ ಹೆಸ್ಕಾಂಗೆ, ಕೊಟ್ಟಿದೆ, ಸಂಘಕ್ಕಲ್ಲ. ಬೈಲಾಕ್ಕೂ ಮಿತಿಯಿದೆ: ಸಾಕುಪ್ರಾಣಿಗಳನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ.

2016ರ ರೇರಾ ಕಾಯ್ದೆಯಂತೆ ಬಹುಪಾಲು ಫ್ಲ್ಯಾಟುಗಳು ಬುಕ್ ಆದ ಮೂರು ತಿಂಗಳೊಳಗೆ ಮಾಲೀಕರ ಸಂಘ ರಚನೆಯಾಗುವಂತೆ ಮಾಡುವುದು ಬಿಲ್ಡರನ ಹೊಣೆ. ಆದರೆ 500 ಚದರ ಮೀಟರ್ ಮೀರದ ಜಾಗದ ಇಲ್ಲವೇ ಎಂಟು ಫ್ಲ್ಯಾಟು ಮೀರದ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲ. ಸಣ್ಣ ಊರುಗಳ ಸಣ್ಣ ಕಟ್ಟಡಗಳು ಈ ವಿನಾಯಿತಿಯೊಳಗೆ ಬೀಳುವುದು ಸುಲಭ. ಅಲ್ಲಿ ಘೋಷಣಾ ಪತ್ರಕ್ಕೆ ಎಲ್ಲರ ಸಹಿ ಬೀಳದೆ 1972ರ ಕಾಯ್ದೆಯೂ ಅನ್ವಯಿಸುವುದಿಲ್ಲ. ಹೀಗಾಗಿ ಖರೀದಿಗೆ ಮೊದಲು ಉಪನೋಂದಣಿ ಕಚೇರಿಯಲ್ಲಿ ಆ ಪತ್ರ ನೋಂದಣಿಯಾಗಿದೆಯೇ ಎಂದು ನೋಡುವುದು ಉತಾರ ನೋಡುವಷ್ಟೇ ಅಗತ್ಯ.