ಮನೆಯ ಹೊಸ್ತಿಲಲ್ಲಿ ನಿಂತ ಲೆಕ್ಕ

ವೃದ್ಧರಿರುವ ಮನೆಯಲ್ಲಿ ಔಷಧದ ಡಬ್ಬಿಗೆ ಒಂದು ನಿಶ್ಚಿತ ಸ್ಥಾನವಿರುತ್ತದೆ. ರಕ್ತದೊತ್ತಡದ ಗುಳಿಗೆ ಯಾವುದು, ಸಕ್ಕರೆ ಕಾಯಿಲೆಯ ಗುಳಿಗೆ ಯಾವುದು ಎಂಬುದನ್ನು ಮನೆಯ ಮಕ್ಕಳೂ ಬಲ್ಲರು. ಆದರೆ ಕೆಲವು ಡಬ್ಬಿಗಳಲ್ಲಿ ಇನ್ನೊಂದು ಚಿಕ್ಕ ಗುಳಿಗೆಯಿರುತ್ತದೆ. ಅದು ಏತಕ್ಕೆಂದು ಕೇಳಿದರೆ "ರಾತ್ರಿ ಗಲಾಟೆ ಮಾಡದಿರಲೆಂದು" ಎಂಬ ಉತ್ತರವಷ್ಟೇ ದೊರೆಯುತ್ತದೆ. ಅದರ ಹೆಸರು ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್ ಅಥವಾ ಕ್ವೆಟಿಯಾಪಿನ್ ಆಗಿದ್ದಲ್ಲಿ, ಅದು ವೈದ್ಯರು ಆಂಟಿಸೈಕೋಟಿಕ್ ಎಂದು ಕರೆಯುವ ಚಿತ್ತವಿಕಾರದ ಔಷಧಗಳ ವಂಶಕ್ಕೆ ಸೇರಿದ್ದು. ಈ ಗುಳಿಗೆ ವೃದ್ಧರ ಹಾಸಿಗೆಯ ಬಳಿಗೆ ಹೇಗೆ ಬಂದಿತು ಎಂಬ ಕಥೆಯು ಬಹುಮಟ್ಟಿಗೆ ಅಮೆರಿಕ ಮತ್ತು ಇಂಗ್ಲೆಂಡಿನ ಕಥೆಯೇ ಆದರೂ, ಅದನ್ನು ತಿಳಿಯುವ ಅಗತ್ಯ ನಮಗೂ ಇದೆ.

1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜೀನ್ ಡಿಲೇ ಮತ್ತು ಪಿಯೆರ್ ಡೆನಿಕೆರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೈನ್ ಎಂಬ ಔಷಧವನ್ನು ಉದ್ರಿಕ್ತರಾದ ಮನೋರೋಗಿಗಳಿಗೆ ಕೊಟ್ಟು ನೋಡಿದರು. ಶಸ್ತ್ರಚಿಕಿತ್ಸಕ ಆನ್ರಿ ಲಾಬೊರಿ ಅದನ್ನು ಅರಿವಳಿಕೆಯ ಜೊತೆಗೆ ಬಳಸಿ, ರೋಗಿಯಲ್ಲಿ ವಿಚಿತ್ರವಾದ ಒಂದು ನಿರ್ಲಿಪ್ತತೆ ಮೂಡುವುದನ್ನು ಅದಕ್ಕೆ ಮೊದಲೇ ಗಮನಿಸಿದ್ದನು. ವರ್ಷಗಟ್ಟಲೆ ಬಂಧನದಲ್ಲಿದ್ದವರು ಶಾಂತರಾದರು. ಹುಚ್ಚಾಸ್ಪತ್ರೆಗಳ ಗದ್ದಲ ತಗ್ಗಿತು. (ಅದೇ ಕಾಲದಲ್ಲಿ ನಮ್ಮ ಸರ್ಪಗಂಧಿಯಿಂದ ಬೇರ್ಪಡಿಸಿದ ರೆಸರ್ಪಿನ್ ಕೂಡ ಇದೇ ಕಾರ್ಯಕ್ಕೆ ಬಳಕೆಯಾಯಿತು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಆ ಮೂಲಿಕೆಯ ಗುಣವನ್ನು 1931ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಅದು ಬೇರೆಯೇ ಕಥೆ.) 1958ರಲ್ಲಿ ಬೆಲ್ಜಿಯಂ ದೇಶದ ಪಾಲ್ ಯಾನ್ಸೆನ್‌ನ ಪ್ರಯೋಗಶಾಲೆಯಿಂದ ಹ್ಯಾಲೊಪೆರಿಡಾಲ್ ಬಂದಿತು. ಸ್ಕಿಜೋಫ್ರೇನಿಯಾದಂತಹ ಘೋರ ರೋಗದಲ್ಲಿ ಈ ಔಷಧಗಳು ಮಾಡಿದ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯವಾದೀತು.

ಆದರೆ ಡಿಮೆನ್ಷಿಯಾ ಎಂಬ ಮರೆವಿನ ರೋಗ ಬೇರೆ. ಸಂಜೆಯಾಗುತ್ತಲೇ ಸ್ವಂತ ಮನೆಯಲ್ಲಿ ಕುಳಿತು "ನನ್ನನ್ನು ಮನೆಗೆ ಕರೆದೊಯ್ಯಿರಿ" ಎನ್ನುವ ಹಿರಿಯರು, ತಾವೇ ಬಚ್ಚಿಟ್ಟ ಹಣವನ್ನು ಸೊಸೆ ಕದ್ದಳೆಂದು ಕೂಗಾಡುವ ತಾಯಿ, ಇವರ ಮೆದುಳಿನಲ್ಲಿ ನಡೆಯುತ್ತಿರುವುದು ಕ್ಷಯ. ಔಷಧ ಆ ಕ್ಷಯವನ್ನು ತಡೆಯಲಾರದು. ಅದು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡಬರುತ್ತದೆ. ಅದೇ ಡೋಪಮೈನ್ ನಡಿಗೆಯನ್ನೂ ಅಂಗಾಂಗಗಳ ಚಲನೆಯನ್ನೂ ನಿಯಂತ್ರಿಸುವುದರಿಂದ, ಕೂಗು ನಿಂತಾಗ ಹಲವು ಸಲ ಹೆಜ್ಜೆಯೂ ತಡವರಿಸುತ್ತದೆ, ನುಂಗುವುದು ಕಷ್ಟವಾಗುತ್ತದೆ, ಬಿದ್ದು ಮೂಳೆ ಮುರಿಯುವುದು ಹೆಚ್ಚುತ್ತದೆ. ಲ್ಯೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಿ ಇಲ್ಲದ ಮನುಷ್ಯರೂ ಪ್ರಾಣಿಗಳೂ ಕಣ್ಣಿಗೆ ಕಾಣಿಸುತ್ತವೆ. ಆದಕಾರಣ ಈ ಗುಳಿಗೆಯನ್ನು ಕೊಡಬೇಕೆಂದು ತೋರುವುದು ಅಂಥವರಿಗೇ. ಆದರೆ ಅವರಲ್ಲಿ ಹಲವರಿಗೆ ಅದು ವಿಷಪ್ರಾಯವಾಗಿ ಪರಿಣಮಿಸುತ್ತದೆಂಬುದನ್ನು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ವೈದ್ಯರು 1992ರಲ್ಲಿ ವರದಿಮಾಡಿದರು.

ಕ್ಲೋರ್‌ಪ್ರೊಮಜೈನ್ 1954ರಲ್ಲಿ ಥೊರಜೈನ್ ಎಂಬ ಹೆಸರಿನಿಂದ ಅಮೆರಿಕದ ಮಾರುಕಟ್ಟೆಗೆ ಬಂದಿತು. ಆಮೇಲಿನ ವರ್ಷಗಳಲ್ಲಿ ವೈದ್ಯರ ಪತ್ರಿಕೆಗಳಲ್ಲಿ ಪ್ರಕಟವಾದ ಅದರ ಜಾಹೀರಾತೊಂದು, ಮನೆಯಲ್ಲಿ ನಿರಂಕುಶ ಪ್ರಭುವೊಬ್ಬನಿದ್ದಾನೆಯೇ ಎಂದು ಪ್ರಶ್ನಿಸುತ್ತಿತ್ತು. ಆ ನಿರಂಕುಶ ಪ್ರಭು ಬೇರೆ ಯಾರೂ ಅಲ್ಲ, ಮರೆವಿನಿಂದ ಸಿಡುಕುವ ಮನೆಯ ಹಿರಿಯ. ಅಂದರೆ ಈ ಔಷಧದ ಮಾರಾಟಗಾರರು ಮೊದಲಿನಿಂದಲೂ ಮನೆಯ ಬಾಗಿಲನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕಾನೂನು ಮಾತ್ರ ಅಲ್ಲಿಗೆ ಬಹಳ ತಡವಾಗಿ ನೋಡಿತು.

ಕಾನೂನು ಮೊದಲು ನೋಡಿದ್ದು ನರ್ಸಿಂಗ್ ಹೋಮುಗಳನ್ನು. ಅಮೆರಿಕದಲ್ಲಿ ಈ ಪದಕ್ಕೆ ನಮ್ಮೂರಿನ ಸಣ್ಣ ಆಸ್ಪತ್ರೆ ಎಂಬ ಅರ್ಥವಿಲ್ಲ. ಸ್ವತಂತ್ರವಾಗಿ ಬಾಳಲಾರದ ವೃದ್ಧರು ವರ್ಷಗಟ್ಟಲೆ ಇರುವ ಶುಶ್ರೂಷಾಲಯವದು. 1965ರಲ್ಲಿ ಮೆಡಿಕೇರ್ ಮತ್ತು ಮೆಡಿಕೇಯ್ಡ್ ಯೋಜನೆಗಳ ಮೂಲಕ ಸರ್ಕಾರದ ಹಣ ಹರಿಯತೊಡಗಿದ ಮೇಲೆ ಇವು ದೊಡ್ಡ ಉದ್ಯಮವಾದವು. 1975ರಲ್ಲಿ ಸೆನೆಟ್ ಸಭೆಯ ಸಮಿತಿಯೊಂದು ಅಲ್ಲಿನ ಔಷಧಗಳ ದುರುಪಯೋಗದ ಬಗ್ಗೆ ಕಟುವಾದ ವರದಿಯನ್ನಿತ್ತಿತು. 1980ರಲ್ಲಿ ಟೆನೆಸ್ಸಿ ರಾಜ್ಯದ ಅಧ್ಯಯನವೊಂದು 173 ಶುಶ್ರೂಷಾಲಯಗಳ ಲೆಕ್ಕ ತೆಗೆದು, ಅಲ್ಲಿನ ಶೇ. 43 ಮಂದಿಗೆ ಈ ಔಷಧಗಳು ಸಲ್ಲುತ್ತಿದ್ದುದನ್ನು ತೋರಿಸಿತು. ಯಾವ ವೈದ್ಯನ ಕೈಕೆಳಗೆ ಇಂಥ ರೋಗಿಗಳು ಹೆಚ್ಚಾಗಿದ್ದರೋ ಆತ ತಲೆಯೊಂದಕ್ಕೆ ಬರೆದುಕೊಟ್ಟ ಔಷಧವೂ ಹೆಚ್ಚಾಗಿತ್ತು. ಹೆಚ್ಚು ಜನ, ಕಡಿಮೆ ಸಮಯ, ಹೆಚ್ಚು ಗುಳಿಗೆ! 1987ರ ಕಾಯಿದೆಯು ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಔಷಧದಿಂದ ಮನುಷ್ಯನನ್ನು ಕಟ್ಟಿಹಾಕುವುದನ್ನು ನಿಷೇಧಿಸಿತು. 'ರಾಸಾಯನಿಕ ಬಂಧನ' ಎಂಬ ಮಾತು ರೂಢಿಗೆ ಬಂದಿತು. ಹಗ್ಗ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ವ್ಯತ್ಯಾಸ ಅಷ್ಟೇ.

1990ರ ದಶಕದಲ್ಲಿ ರಿಸ್ಪೆರಿಡೋನ್, ಒಲಾಂಜಪಿನ್, ಕ್ವೆಟಿಯಾಪಿನ್ ಬಂದವು. ಇವು ಹಳೆಯವುಗಳಷ್ಟು ಕೈಕಾಲು ಬಿಗಿಯುವುದಿಲ್ಲವಾದ್ದರಿಂದ ವೃದ್ಧರಿಗೂ ನಿರಪಾಯವೆಂಬ ನಂಬಿಕೆ ಬೆಳೆಯಿತು. 2005ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ನಂಬಿಕೆಯನ್ನು ಮುರಿಯಿತು. ಡಿಮೆನ್ಷಿಯಾ ಇದ್ದ ವೃದ್ಧರ ಮೇಲೆ ನಡೆದ 17 ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ, ಸುಮಾರು ಹತ್ತು ವಾರಗಳ ಅವಧಿಯಲ್ಲಿ ಔಷಧ ಪಡೆದವರಲ್ಲಿ ಶೇ. 4.5 ಮಂದಿ ಮೃತರಾಗಿದ್ದರು. ಹುಸಿಗುಳಿಗೆ ಪಡೆದವರಲ್ಲಿ ಶೇ. 2.6. 2008ರಲ್ಲಿ ಇದೇ ಎಚ್ಚರಿಕೆಯನ್ನು ಹಳೆಯ ಔಷಧಗಳಿಗೂ ವಿಸ್ತರಿಸಲಾಯಿತು. ಮರುವರ್ಷ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದರಲ್ಲಿ, ಔಷಧವನ್ನು ಮುಂದುವರಿಸಿದ ಗುಂಪಿನಲ್ಲಿ ಎರಡು ವರ್ಷಗಳ ನಂತರ ಶೇ. 46 ಮಂದಿ ಬದುಕಿದ್ದರೆ, ಅದನ್ನು ನಿಲ್ಲಿಸಿ ಹುಸಿಗುಳಿಗೆ ಕೊಟ್ಟ ಗುಂಪಿನಲ್ಲಿ ಶೇ. 71 ಮಂದಿ ಬದುಕಿದ್ದರು. ಅದೇ 2009ರಲ್ಲಿ ಪ್ರೊಫೆಸರ್ ಸುಬೆ ಬ್ಯಾನರ್ಜಿಯವರು ಇಂಗ್ಲೆಂಡಿನ ಆರೋಗ್ಯ ಇಲಾಖೆಗೆ ಸಲ್ಲಿಸಿದ ವರದಿಯು ಲಾಭ ನಷ್ಟಗಳ ತಃಖ್ತೆಯಂತೆಯೇ ಇದೆ: ವರ್ಷಕ್ಕೆ ಸುಮಾರು 1,80,000 ಡಿಮೆನ್ಷಿಯಾ ರೋಗಿಗಳಿಗೆ ಔಷಧ, ಪ್ರಯೋಜನ ಹೆಚ್ಚೆಂದರೆ 36,000 ಮಂದಿಗೆ, ಹೆಚ್ಚುವರಿ ಮರಣ 1,800. ಪ್ರಯೋಜನ ಪಡೆದ ಆ 36,000 ಮಂದಿಯನ್ನೂ ಮರೆಯಲಾಗದು. ಕಣ್ಣೆದುರು ಭೀಕರ ದೃಶ್ಯಗಳನ್ನು ಕಂಡು ನಡುಗುವವರಿಗೆ, ತಮ್ಮನ್ನೋ ಪರರನ್ನೋ ಗಾಯಗೊಳಿಸುವವರಿಗೆ, ಅಲ್ಪಪ್ರಮಾಣದಲ್ಲಿ, ಅಲ್ಪಕಾಲ ಕೊಡುವುದನ್ನು ಇಂದಿಗೂ ವೈದ್ಯಶಾಸ್ತ್ರ ಒಪ್ಪುತ್ತದೆ.

2012ರಲ್ಲಿ ಅಮೆರಿಕದ ಸರ್ಕಾರ ಶುಶ್ರೂಷಾಲಯಗಳಲ್ಲಿ ಈ ಬಳಕೆಯನ್ನು ತಗ್ಗಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿ, ಪ್ರತಿಯೊಂದು ಸಂಸ್ಥೆಯ ಅಂಕಿಯನ್ನು ಬಹಿರಂಗಪಡಿಸತೊಡಗಿತು. ಅಂಕಿಗಳು ಇಳಿದವು. ಆದರೆ ಸ್ಕಿಜೋಫ್ರೇನಿಯಾ ಇರುವವರನ್ನು ಆ ಲೆಕ್ಕದಿಂದ ಬಿಡಲಾಗಿತ್ತು. ಕಾಲಕ್ರಮದಲ್ಲಿ ಕೆಲವು ಶುಶ್ರೂಷಾಲಯಗಳ ವೃದ್ಧರ ಕಡತಗಳಲ್ಲಿ ಆ ರೋಗದ ಹೆಸರು, ಸಾಕಷ್ಟು ಆಧಾರವಿಲ್ಲದೆಯೇ, ಕಾಣಿಸಿಕೊಳ್ಳತೊಡಗಿತು. ತಪಾಸಣೆಯಾಗುವ ಖಾತೆಯಿಂದ ತಪಾಸಣೆಯಾಗದ ಖಾತೆಗೆ ಮೊತ್ತ ಜಾರುವುದನ್ನು ನನ್ನಂತಹ ವ್ಯಾಪಾರಿಗೆ ಯಾರೂ ವಿವರಿಸಬೇಕಾಗಿಲ್ಲ. 2023ರ ಜನವರಿಯಲ್ಲಿ ಸರ್ಕಾರ ಆ ಕಡತಗಳನ್ನೇ ಪರಿಶೀಲಿಸಲಾಗುವುದೆಂದು ಸಾರಬೇಕಾಯಿತು.

ಇಷ್ಟೆಲ್ಲ ನಡೆದದ್ದು ಶುಶ್ರೂಷಾಲಯಗಳ ಗೋಡೆಯೊಳಗೆ. ಡಿಮೆನ್ಷಿಯಾ ಇರುವವರಲ್ಲಿ ಬಹುಪಾಲು ಜನ, ಆ ದೇಶಗಳಲ್ಲಿಯೂ, ಇರುವುದು ಮನೆಯಲ್ಲಿಯೇ. 2015ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಈ ಲೋಪವನ್ನು ಎತ್ತಿ ತೋರಿಸಿತು. 2012ರಲ್ಲಿ ಶುಶ್ರೂಷಾಲಯದಲ್ಲಿ 100 ದಿನಗಳಿಗಿಂತ ಹೆಚ್ಚು ಕಾಲವಿದ್ದ ಡಿಮೆನ್ಷಿಯಾ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಈ ಔಷಧ ಸಂದಿತ್ತು. ಮನೆಯೇ ಮುಂತಾಗಿ ಹೊರಗಿದ್ದ, ಮೆಡಿಕೇರ್ ಔಷಧ ವಿಮೆಯ ರೋಗಿಗಳಲ್ಲಿ ಸುಮಾರು ಶೇ. 14 ಮಂದಿಗೂ ಸಂದಿತ್ತು. ಸರ್ಕಾರದ ಪ್ರಯತ್ನವೆಲ್ಲ ಮೊದಲ ಗುಂಪಿಗೆ ಮೀಸಲಾಗಿದೆ, ಎರಡನೆಯದಕ್ಕೂ ಅದನ್ನು ವಿಸ್ತರಿಸಬೇಕು ಎಂಬುದು ಆ ಸಂಸ್ಥೆಯ ಶಿಫಾರಸು.

ಮನೆಯಲ್ಲಿ ಇದು ಹೇಗೆ ನಡೆಯುತ್ತದೆ? ದುರುದ್ದೇಶದಿಂದ ನಡೆಯುವುದು ವಿರಳ. ಮೂಳೆಮುರಿತಕ್ಕೋ ಜ್ವರಕ್ಕೋ ಆಸ್ಪತ್ರೆ ಸೇರಿದ ಹಿರಿಯರಿಗೆ ಅಲ್ಲಿ ಸನ್ನಿ ಹಿಡಿಯುತ್ತದೆ. ಎರಡು ಮೂರು ದಿನಗಳಿಗೆಂದು ಆರಂಭಿಸಿದ ಗುಳಿಗೆ ಮನೆಗೆ ಹೊರಡುವಾಗಿನ ಚೀಟಿಯಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಸನ್ನಿ ಹೋಗುತ್ತದೆ, ಗುಳಿಗೆ ಹೋಗುವುದಿಲ್ಲ. ಶುಶ್ರೂಷಾಲಯದಲ್ಲಿ ಪಾಳಿಯಂತೆ ದಾದಿಯರು ಬದಲಾಗುತ್ತಾರೆ. ಮನೆಯಲ್ಲಾದರೋ ಅದೇ ಹೆಂಡತಿ, ಅದೇ ಮಗಳು ಅಥವಾ ಸೊಸೆ, ಹಗಲೂ ರಾತ್ರಿಯೂ. ತಿಂಗಳುಗಟ್ಟಲೆ ನಿದ್ರೆಗೆಟ್ಟ ಆಕೆ ಆ ಗುಳಿಗೆಯನ್ನು ಕೈಬಿಡಲು ಹೆದರಿದರೆ ಆಕೆಯನ್ನು ದೂಷಿಸುವ ಅಧಿಕಾರ, ಒಂದು ರಾತ್ರಿಯೂ ಆ ಮಂಚದ ಬಳಿ ಎಚ್ಚರವಿರದ ನಮಗೆ ಇಲ್ಲ. ಆಕೆಗೆ ವಾರದಲ್ಲಿ ಎರಡು ರಾತ್ರಿಯ ಬಿಡುವು ದೊರಕಿಸಿದರೆ ಗುಳಿಗೆಯ ಅಗತ್ಯವೇ ತಗ್ಗಬಹುದಾದ ಮನೆಗಳೂ ಉಂಟೆಂದು ನನ್ನ ಅನಿಸಿಕೆ.

ಗಲಾಟೆಗೆ ಕಾರಣವೇನೆಂದು ಕೇಳುವುದೂ ಒಂದು ಚಿಕಿತ್ಸೆಯೆಂಬುದಕ್ಕೆ ನಾರ್ವೆ ದೇಶದ ನಿದರ್ಶನವಿದೆ. ಅಲ್ಲಿನ 18 ಶುಶ್ರೂಷಾಲಯಗಳ 352 ಡಿಮೆನ್ಷಿಯಾ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ನೋವಿನ ಚಿಕಿತ್ಸೆಯನ್ನು ಕ್ರಮಬದ್ಧವಾಗಿ ಕೊಟ್ಟರು; ಅವರಲ್ಲಿ ಹೆಚ್ಚಿನವರಿಗೆ ಸಂದದ್ದು ಸಾಮಾನ್ಯವಾದ ಪ್ಯಾರಾಸಿಟಮಾಲ್. ಎಂಟು ವಾರಗಳಲ್ಲಿ ಅವರ ಉದ್ವೇಗ ಗಣನೀಯವಾಗಿ ಇಳಿಯಿತೆಂದು 2011ರಲ್ಲಿ ಪ್ರಕಟವಾಯಿತು. ಮಂಡಿ ನೋಯುತ್ತಿದೆಯೆಂದು ಹೇಳಲು ಮಾತು ಸಾಲದವರು ಕೂಗುತ್ತಿದ್ದರು, ಅಷ್ಟೇ. ಮಲಬದ್ಧತೆ, ಮೂತ್ರದ ಸೋಂಕು, ಮಂದವಾದ ಕಿವಿ ಇವೂ ಹಾಗೆಯೇ ಕೂಗಿಸುತ್ತವೆ.

ಇದನ್ನು ಓದಿ ಯಾರೂ ನಾಳೆಯೇ ಗುಳಿಗೆಯನ್ನು ಎಸೆಯಬಾರದು. ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರೇ ಕ್ರಮವಾಗಿ ಇಳಿಸಬೇಕು. ಔಷಧ ಆರಂಭಿಸಿದರೆ ಕನಿಷ್ಠ ಆರು ವಾರಗಳಿಗೊಮ್ಮೆ ಮರುಪರಿಶೀಲಿಸಬೇಕೆಂದು ಬ್ರಿಟನ್ನಿನ 2018ರ ಮಾರ್ಗಸೂಚಿ ಹೇಳುತ್ತದೆ. ಗುಣ ಕಂಡರೂ ನಾಲ್ಕು ತಿಂಗಳೊಳಗೆ ಇಳಿಸಲು ಯತ್ನಿಸಬೇಕೆಂದು ಅಮೆರಿಕದ ಮನೋವೈದ್ಯರ ಸಂಘ 2016ರಲ್ಲಿ ಹೇಳಿತು. ಏಕೆ ಕೊಟ್ಟಿರಿ, ಎಂದಿನವರೆಗೆ ಎಂದು ವೈದ್ಯರನ್ನು ಕೇಳುವುದು ಅವಿನಯವೇನಲ್ಲ.

2024ರಲ್ಲಿ ಇಂಗ್ಲೆಂಡಿನ 1,73,910 ಡಿಮೆನ್ಷಿಯಾ ರೋಗಿಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನ ಹೊರಬಂದಿತು. ಔಷಧ ಪಡೆಯುತ್ತಿದ್ದವರಲ್ಲಿ ನ್ಯುಮೋನಿಯಾದ ಸಂಭವ ಎರಡು ಪಟ್ಟು ಮೀರಿತ್ತು. ಪಾರ್ಶ್ವವಾಯು, ಮೂತ್ರಪಿಂಡದ ಹಾನಿ, ಮೂಳೆಮುರಿತ, ಹೃದಯಾಘಾತಗಳೂ ಹೆಚ್ಚಿದ್ದವು. ಆರಂಭದ ದಿನಗಳಲ್ಲಿ ಅಪಾಯ ಅಧಿಕ. ಆ ದಾಖಲೆಗಳು ಊರೂರಿನ ಕುಟುಂಬವೈದ್ಯರವು. ಆದ್ದರಿಂದ ಮನೆಯಲ್ಲಿದ್ದವರೂ ಈ ಲೆಕ್ಕದೊಳಗೆ ಬಂದರು. ನಮ್ಮ ಮನೆಗಳ ಔಷಧಕ್ಕೆ ಅಂತಹ ದಾಖಲೆಯಿಲ್ಲ. ಇರುವುದು ಡಬ್ಬಿಯ ತಳದಲ್ಲಿ ಮಡಿಸಿಟ್ಟ ವೈದ್ಯರ ಚೀಟಿ, ಅದರ ಮೇಲೊಂದು ದಿನಾಂಕ.