ಕಲ್ಲು ಕೊರೆಯುವ ಹಲ್ಲು

ಯಲ್ದೂರು ಸೀಮೆಯಲ್ಲಿ ಕೊಳವೆ ಬಾವಿ ಕೊರೆಯುವ ಲಾರಿಯನ್ನು ಕಾಣದವರಾರು? ತಮಿಳುನಾಡಿನ ತಿರುಚ್ಚೆಂಗೋಡಿನ ಕಡೆಯ ಲಾರಿಗಳು ಮಾವಿನ ತೋಪಿನಲ್ಲಿ ನಿಂತು, ರಾತ್ರಿಯಿಡೀ ಅಬ್ಬರಿಸಿ, ಬಿಳಿಯ ಕಲ್ಲುಹಿಟ್ಟನ್ನು ಉಗುಳಿ ಹೋಗುತ್ತವೆ. ನೀರು ಬಿದ್ದಿತೇ ಎಂದು ಎಲ್ಲರೂ ಇಣುಕುತ್ತಾರೆ. ಕೊರೆದ ಬಿಟ್ಟನ್ನು ಯಾರೂ ನೋಡುವುದಿಲ್ಲ. ಅದರ ಮುಖದ ಮೇಲೆ ಗುಂಡನೆಯ ಹಲ್ಲುಗಳಿರುತ್ತವೆ. ಗ್ರಾನೈಟ್ ಬಂಡೆಯನ್ನು ಪುಡಿಗೈಯುವ ಆ ಹಲ್ಲುಗಳು ಸ್ವತಃ ಪುಡಿಯಿಂದಲೇ ಆದವು!

ಲೋಹವನ್ನು ಕರಗಿಸಿ ಅಚ್ಚಿಗೆ ಸುರಿಯುತ್ತಾರೆಂದು ನೀವು ಓದಿದ್ದೀರಿ. ಟಂಗ್‌ಸ್ಟನ್ ಆ ಕ್ರಮಕ್ಕೆ ಒಗ್ಗದು. ಅದು ಕರಗಲು ಸುಮಾರು 3,400 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದನ್ನು ತಾಳುವ ಮೂಸೆಯನ್ನು ಎಲ್ಲಿಂದ ತರುವುದು? ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಡ್ಜ್ 1910ರ ಹೊತ್ತಿಗೆ ಬೇರೊಂದು ದಾರಿ ಕಂಡುಕೊಂಡನು. ಪುಡಿಯನ್ನು ಒತ್ತಿ ಸಲಾಕೆ ಮಾಡಿ, ಕರಗದಂತೆ ಕಾಯಿಸಿ, ಕಾದಿರುವಾಗಲೇ ಬಡಿದು ತಂತಿ ಎಳೆದನು. ವಿದ್ಯುದ್ದೀಪದ ತಂತು ಅದೇ. 1936ರಲ್ಲಿ ಆರಂಭವಾದ ಮೈಸೂರು ಲ್ಯಾಂಪ್ ವರ್ಕ್ಸ್‌ನ ಬಲ್ಬಿನ ಬೆಳಕಿನಲ್ಲಿ ಓದಿದವರು ನಮ್ಮ ತಲೆಮಾರಿನಲ್ಲಿ ಎಷ್ಟೋ ಮಂದಿ.

ತಂತಿ ಎಳೆಯಲು ವಜ್ರದ ಅಚ್ಚು ಬೇಕಾಗಿತ್ತು. ಆ ವೆಚ್ಚವನ್ನು ತಪ್ಪಿಸಲೆಂದು ಜರ್ಮನಿಯ ಓಸ್ರಾಂ ದೀಪದ ಕಂಪನಿಯ ಕಾರ್ಲ್ ಶ್ರೋಟರ್ 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಪುಡಿ ಬೆರೆಸಿ, ಒತ್ತಿ, ಕಾಯಿಸಿದನು. ಸುಮಾರು 1,400 ಡಿಗ್ರಿಯಲ್ಲಿ ಕಾರ್ಬೈಡ್ ಕರಗುವುದಿಲ್ಲ. ಕೋಬಾಲ್ಟ್ ಮಾತ್ರ ಕರಗಿ ಕಣಗಳ ನಡುವೆ ಹರಿಯುತ್ತದೆ. ಬೆಲ್ಲದ ಪಾಕವು ಕಡಲೆಕಾಯಿ ಬೀಜಗಳನ್ನು ಹಿಡಿದು ಮಿಠಾಯಿ ಮಾಡುವಂತೆ ಅದು ಕಣಗಳನ್ನು ಹಿಡಿದುಕೊಳ್ಳುತ್ತದೆ. ಒತ್ತಿದಾಗ ಸೀಮೆಸುಣ್ಣದಂತೆ ಮುರಿಯುವ ಗುಂಡಿಯು ಕುಲುಮೆಯಲ್ಲಿ ಪ್ರತಿ ಅಳತೆಯಲ್ಲೂ ಸುಮಾರು ಐದನೆಯ ಒಂದು ಪಾಲು ಕುಗ್ಗಿ, ಉಕ್ಕನ್ನೂ ಮೀರಿ ಗಟ್ಟಿಯಾಗುತ್ತದೆ. ಒಳಗುಳಿದ ಸೂಕ್ಷ್ಮ ರಂಧ್ರಗಳನ್ನು ಮುಚ್ಚಲು, ಬಿಸಿಯಿರುವಾಗಲೇ ಆರ್ಗಾನ್ ಅನಿಲದಿಂದ ಎಲ್ಲ ಕಡೆಯಿಂದಲೂ ಅದುಮುವುದುಂಟು. ಹೀಗೆ ಅದುಮುವ ವಿಧಾನವನ್ನು 1955ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯವರು ಪರಮಾಣು ಇಂಧನದ ಕೆಲಸಕ್ಕಾಗಿ ಕಂಡುಹಿಡಿದರು.

ಕ್ರುಪ್ ಕಂಪನಿಯು 1926ರಲ್ಲಿ ಈ ವಸ್ತುವಿಗೆ 'ವಿಡಿಯಾ' ಎಂದು ಹೆಸರಿಟ್ಟಿತು. 'ವಜ್ರದಂತೆ' ಎಂಬ ಜರ್ಮನ್ ಮಾತಿನ ಮೊಟಕು ರೂಪವದು. 1964ರಲ್ಲಿ ಬೆಂಗಳೂರಿನಲ್ಲಿ ವಿಡಿಯಾ ಇಂಡಿಯಾ ಸ್ಥಾಪನೆಯಾಯಿತು. ತುಮಕೂರು ರಸ್ತೆಯ ಆ ಕಾರ್ಖಾನೆಗೆ ಈಗ ಕೆನ್ನಮೆಟಲ್ ಎಂದು ಹೆಸರು. ಆದರೂ ಗೋಡೆ ಕೊರೆಯುವ ಬಿಟ್ಟನ್ನು ಇಂದಿಗೂ ಅನೇಕರು 'ವಿಡಿಯಾ' ಎಂದೇ ಕೇಳುತ್ತಾರೆ. ನಮ್ಮ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳಲ್ಲಿಯೂ ಟಂಗ್‌ಸ್ಟನ್‌ನ ಅಂಶವಿದೆಯೆಂಬುದು ಎಷ್ಟು ಜನರಿಗೆ ಗೊತ್ತು?

ಬಿಹಾರದ ಬರಗಾಲದ ಸಮಯದಲ್ಲಿ, 1967ರಲ್ಲಿ, ಯುನಿಸೆಫ್ ಸಂಸ್ಥೆಯು ಗಟ್ಟಿಕಲ್ಲನ್ನು ಕೊರೆಯುವ ವಾಯುಚಾಲಿತ ಯಂತ್ರಗಳನ್ನು ಭಾರತಕ್ಕೆ ತರಿಸಿತು. ಕುಡಿಯುವ ನೀರಿಗೆಂದು ಬಂದ ಆ ವಿದ್ಯೆ ಬೇಸಾಯಕ್ಕೂ ಹಬ್ಬಿತು. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ ಕೆರೆ ಮತ್ತು ತೆರೆದ ಬಾವಿಗಳೇ ಆಧಾರವಾಗಿದ್ದವು. ಕಪಿಲೆ ಹೊಡೆಯುತ್ತಿದ್ದ ಬಾವಿಗಳು ಒಂದೊಂದಾಗಿ ಬತ್ತಿದವು. ಇನ್ನೂರು ಮುನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರವನ್ನೂ ದಾಟಿ ಇಳಿಯಿತು. ಸಲಾಕೆ, ಸಿಡಿಮದ್ದುಗಳಿಂದ ಬಾವಿ ತೋಡುತ್ತಿದ್ದವರಿಗೆ ಕಲ್ಲೇ ಒಂದು ಎಲ್ಲೆಯಾಗಿತ್ತು. ಈ ಪುಡಿಯ ಹಲ್ಲು ಆ ಎಲ್ಲೆಯನ್ನು ಅಳಿಸಿತು. ಯಂತ್ರವನ್ನು ನಾನು ದೂಷಿಸಲಾರೆ. ಕೆರೆಯ ಹೂಳನ್ನು ಎತ್ತದೆ ಬಿಟ್ಟವರು ನಾವೇ.

ಆಳದ ನೀರಿನೊಡನೆ ಫ್ಲೋರೈಡ್ ಸಹ ಮೇಲೆ ಬಂದಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಅದು ಮೀರಿತು. ತರಗತಿಯಲ್ಲಿ ಮಕ್ಕಳು ನಕ್ಕಾಗ ಹಲ್ಲಿನ ಕಂದು ಕಲೆಗಳು ನನಗೆ ಕಾಣುತ್ತಿದ್ದವು. ಉಜ್ಜಿದರೆ ಹೋಗುವ ಕಲೆಯಲ್ಲ ಅದು. ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಮೂಡುವಂಥದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಲಾರಿಗಳು ಬರುವುದು ಮಾತ್ರ ಇನ್ನೂ ನಿಂತಿಲ್ಲ.